ಬಣ್ಣ ಬಿಟ್ಟುಕೊಟ್ಟ ತೂಕದ ಗುಟ್ಟು

ಬೀಜದ ಬಣ್ಣಕ್ಕೂ ಅದರ ತೂಕಕ್ಕೂ ಏನು ನಂಟು? 1923ರಲ್ಲಿ ಅಮೆರಿಕದ ಮೇಯ್ನ್ ಕೃಷಿ ಪ್ರಯೋಗ ಕೇಂದ್ರದ ಕಾರ್ಲ್ ಸ್ಯಾಕ್ಸ್, ಬಣ್ಣದ ದೊಡ್ಡ ಬೀಜದ ಬೀನ್ಸನ್ನು ಸಣ್ಣ ಬಿಳಿ ಬೀಜದ ಬೀನ್ಸಿನೊಂದಿಗೆ ಸಂಕರ ಮಾಡಿ, ಮೊಮ್ಮಕ್ಕಳ ಪೀಳಿಗೆಯ ಬೀಜಗಳನ್ನು ತೂಗಿದರು. ಬಣ್ಣದ ಜೀನ್ ತಂದೆ ತಾಯಿ ಇಬ್ಬರಿಂದಲೂ ಬಂದ ಗಿಡಗಳಲ್ಲಿ ಬೀಜದ ಸರಾಸರಿ ತೂಕ 307 ಮಿಲಿಗ್ರಾಂ. ಒಬ್ಬರಿಂದ ಮಾತ್ರ ಬಂದಿದ್ದರೆ 283. ಯಾರಿಂದಲೂ ಬಾರದಿದ್ದರೆ 264!

ಅಂದರೆ ತೂಕವನ್ನು ಏರಿಳಿಸುವ ಯಾವುದೋ ಜೀನ್ ಬಣ್ಣದ ಜೀನಿನ ನೆರೆಯಲ್ಲೇ, ಅದೇ ವರ್ಣತಂತುವಿನಲ್ಲಿ ಅಡಗಿದೆ! ಡಿಎನ್‌ಎ ರಚನೆ ಗೊತ್ತಾಗಲು ಇನ್ನೂ 30 ವರ್ಷವಿದ್ದಾಗ, ಬರೀ ತಕ್ಕಡಿ ಮತ್ತು ಸರಾಸರಿ ಲೆಕ್ಕದಿಂದ ಕಣ್ಣಿಗೆ ಕಾಣದ ಜೀನಿನ ವಿಳಾಸ ಸಿಕ್ಕಿತ್ತು.

ಆದರೆ ಬಣ್ಣ ಒಂದೇ ಗುರುತು. ಎಲ್ಲ ವರ್ಣತಂತುಗಳ ಉದ್ದಕ್ಕೂ ಡಿಎನ್‌ಎ ಗುರುತುಗಳು ದೊರೆತದ್ದು 1980ರ ದಶಕದಲ್ಲಿ. 1988ರಲ್ಲಿ ಆಂಡ್ರ್ಯೂ ಪ್ಯಾಟರ್ಸನ್ ಮತ್ತು ಸಂಗಡಿಗರು ಟೊಮೆಟೊವನ್ನು ಅದರ ಕಾಡು ಬಂಧುವಿನೊಂದಿಗೆ ಕೂಡಿಸಿ, ಹಣ್ಣಿನ ತೂಕಕ್ಕೇ ಆರು ತಾಣಗಳನ್ನು ಗುರುತಿಸಿದರು. ಮರುವರ್ಷ ಎರಿಕ್ ಲ್ಯಾಂಡರ್ ಮತ್ತು ಡೇವಿಡ್ ಬಾಟ್‌ಸ್ಟೀನ್ ಇಂಥ ಹುಡುಕಾಟದ ಹೊಸ ವಿಧಾನವನ್ನು ವಿವರಿಸಿದರು: ಗುರುತಿನ ಬಳಿ ಮಾತ್ರವೇಕೆ, ಎರಡು ಗುರುತುಗಳ ನಡುವಿನ ಖಾಲಿ ಜಾಗದಲ್ಲೂ ಹುಡುಕೋಣ! ಇಲ್ಲಿ ಜೀನ್ ಇದ್ದರೆ ಇಂಥ ತೂಕಗಳು ಬರುವ ಸಂಭವ, ಇಲ್ಲದಿದ್ದರೆ ಬರುವ ಸಂಭವಕ್ಕಿಂತ ಎಷ್ಟು ಪಟ್ಟು ಹೆಚ್ಚು? ಆ ಪಟ್ಟಿನ ಲಾಗರಿದಮ್ಮೇ ‘ಲಾಡ್’ ಅಂಕ. ಮೂರು ಬಂದರೆ ಸಾವಿರ ಪಟ್ಟು!

ಆದರೂ ಸಂಶಯ. ಇಷ್ಟೊಂದು ಕಡೆ ಹುಡುಕಿದರೆ ಎಲ್ಲೋ ಒಂದು ಕಡೆ ಆಕಸ್ಮಿಕವಾಗಿಯೂ ಅಂಕ ಏರಬಹುದಲ್ಲ? 1994ರಲ್ಲಿ ಗ್ಯಾರಿ ಚರ್ಚಿಲ್ ಮತ್ತು ರೆಬೆಕಾ ಡೋರ್ಜ್ ಕೊಟ್ಟ ಉತ್ತರ, ನನ್ನ ಮಟ್ಟಿಗೆ, ಇಡೀ ಕಥೆಯ ಪರಮ ಸೋಜಿಗ. ತೂಕಗಳನ್ನು ಕಲಸಿಬಿಡಿ! ಈ ಗಿಡದ ತೂಕ ಆ ಗಿಡಕ್ಕೆ, ಅದರದ್ದು ಇನ್ನೊಂದಕ್ಕೆ. ಈಗ ಜೀನಿಗೂ ತೂಕಕ್ಕೂ ಸಂಬಂಧವೇ ಇಲ್ಲ. ಮತ್ತೆ ಎಲ್ಲ ವರ್ಣತಂತುಗಳ ಉದ್ದಕ್ಕೂ ಹುಡುಕಿ, ಅತಿ ಎತ್ತರದ ಅಂಕ ಬರೆದಿಡಿ. ಹೀಗೆ ಸಾವಿರ ಸಲ. ಬರೀ ಆಕಸ್ಮಿಕ ಎಷ್ಟೆತ್ತರ ಏರಬಲ್ಲದೆಂದು ಆಕಸ್ಮಿಕದ ಬಾಯಿಂದಲೇ ಹೇಳಿಸುವುದು! ಅಸಲಿ ಅಂಕ ಆ ಸಾವಿರದಲ್ಲಿ 950ನ್ನಾದರೂ ಮೀರಿದರೆ ಮಾತ್ರ ಅದಕ್ಕೆ ಮನ್ನಣೆ.

ಇಂಥ ಲೆಕ್ಕದ ಜಾಡು ಹಿಡಿದೇ ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟೀವನ್ ಟ್ಯಾಂಕ್ಸ್‌ಲೀ ತಂಡ, 2000ದಲ್ಲಿ ಟೊಮೆಟೊದ ಎರಡನೇ ವರ್ಣತಂತುವಿನ ಒಂದು ಜೀನನ್ನು ಪತ್ತೆಹಚ್ಚಿ ಬೇರ್ಪಡಿಸಿತು. ಹಣ್ಣಿನ ತೂಕವನ್ನು ಶೇ. 30ರವರೆಗೂ ಬದಲಿಸಬಲ್ಲ ಜೀನ್ ಅದು! ಆ ಜೀನ್ ಇರುವ ಕಾಡು ಟೊಮೆಟೊದ ಡಿಎನ್‌ಎ ತುಣುಕನ್ನು ನಾಡ ಗಿಡಕ್ಕೆ ಸೇರಿಸಿದಾಗ ಹಣ್ಣು ನಿಜಕ್ಕೂ ಚಿಕ್ಕದಾಯಿತು. ಹೂ ಅರಳುವ ಮುಂಚೆಯೇ ಕೋಶ ವಿಭಜನೆಗೆ ಕಡಿವಾಣ ಹಾಕುವುದು ಅದರ ಕೆಲಸ. ಕಾಡಿನದಕ್ಕೂ ನಾಡಿನದಕ್ಕೂ ಮುಖ್ಯ ವ್ಯತ್ಯಾಸ ಜೀನ್ ತಯಾರಿಸುವ ಪ್ರೋಟೀನಿನಲ್ಲಿಲ್ಲ. ಆ ಜೀನ್ ಯಾವಾಗ, ಎಷ್ಟು ದುಡಿಯುತ್ತದೆ ಎಂಬುದರಲ್ಲಿದೆ!