ಹ್ಯಾಂಡಲಿನ ಮೇಲೊಬ್ಬ ದಾರಿಗಾರ

ನನ್ನ ತಂದೆಯವರ ಬಳಿ ಮೈಸೂರಿನಲ್ಲಿ ತಯಾರಾದ ಒಂದು ಜಾವಾ ಮೋಟಾರು ಸೈಕಲ್ಲಿದ್ದಿತು. ಅದಕ್ಕೆ ಆರು ವೋಲ್ಟಿನ ಬ್ಯಾಟರಿ. ಚಾಲೂ ಮಾಡುವ ಕಿಕ್ಕರೂ ಗೇರು ಬದಲಿಸುವ ಸನ್ನೆಯೂ ಒಂದೇ. ಹಾರನ್ನು ಒತ್ತಿದರೆ ದೀಪ ಮಂಕಾಗುತ್ತಿದ್ದಿತು. ಆದುದರಿಂದ ರಾತ್ರಿಯ ಹೊತ್ತು ಎದುರಿನವರನ್ನು ಎಚ್ಚರಿಸುವುದೋ ತಾನು ಕಂಡು ನಡೆಯುವುದೋ ಎಂಬೆರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾಗಿದ್ದಿತು. ಅದರ ಹ್ಯಾಂಡಲಿಗೆ ಕಟ್ಟಿದ ಏಕೈಕ ಉಪಕರಣವೆಂದರೆ ಸಂತೆಯ ಚೀಲ. ದಾರಿ ತಿಳಿಯದಾದಾಗ ತಂದೆಯವರು ಎಂಜಿನನ್ನು ನಿಲ್ಲಿಸಿ, ಯಾರದಾದರೂ ಜಗಲಿಯ ಮೇಲೆ ಕುಳಿತವರನ್ನು ಕೇಳುತ್ತಿದ್ದರು. ಉತ್ತರದೊಡನೆ ಬೆಲ್ಲ, ನೀರು, ವೀಳ್ಯದ ಹರಿವಾಣ ಬರುತ್ತಿದ್ದವು. ಅರ್ಧ ಗಂಟೆ ಹೋಗುತ್ತಿದ್ದಿತು.

ಈಗ ಭಾನುವಾರದ ಬೆಳಗು ನಮ್ಮ ಕೊಕ್ಕಡದ ಪೇಟೆಯಲ್ಲಿ ನಿಂತು ನೋಡಬೇಕು. ಶಿರಾಡಿ ಘಾಟಿಯನ್ನಿಳಿದು ಪೆರಿಯಶಾಂತಿಯಲ್ಲಿ ತಿರುಗಿ, ಸೌತಡ್ಕದ ಗಣಪತಿಯನ್ನು ಕಾಣಲೆಂದು ಬೆಂಗಳೂರಿನ ತರುಣರು ಮೋಟಾರು ಸೈಕಲ್ಲುಗಳ ಮೇಲೆ ಬರುತ್ತಾರೆ. ಹ್ಯಾಂಡಲಿನ ನಡುವೆ ಫೋನು, ಅದಕ್ಕೆ ಕರೆಂಟು ಕೊಡುವ ಯುಎಸ್‌ಬಿ ಕಿಂಡಿ, ಹೆಲ್ಮೆಟ್ಟಿನ ಕಿವಿಯಲ್ಲಿ ಬ್ಲೂಟೂತ್, ಗಲ್ಲದಲ್ಲಿ ಕ್ಯಾಮೆರಾ, ಚಕ್ರದ ಗಾಳಿಯನ್ನು ಅಳೆಯುವ ಮಾಪಕ, ಇಕ್ಕೆಲಗಳಲ್ಲಿ ಮಂಜಿನ ದೀಪಗಳು. ಸೌತಡ್ಕದ ಗಣಪತಿಗೆ ಗುಡಿಯಿಲ್ಲ. ಗಂಟೆಗಳ ಸಾಲಿನ ನಡುವೆ ಬಯಲಿನಲ್ಲೇ ಮಳೆ ಬಿಸಿಲುಗಳನ್ನು ಸಹಿಸಿ ಕುಳಿತಿರುವ ದೇವರು ಆತ. ಅವನಿಗಿಲ್ಲದ ಮಾಡು ಈ ಹುಡುಗರ ಫೋನುಗಳಿಗೆ ಉಂಟು.

ನಗುತ್ತಿದ್ದ ನಾನೂ ಒಂದು ದಿನ ಅದಕ್ಕೇ ಶರಣಾದೆ. ನಾನೊಬ್ಬ ವಿಜ್ಞಾನದ ಉಪಾಧ್ಯಾಯ. ಬಹುಕಾಲ ಶಾಲೆಗೆ ಬಾರದ ಮಕ್ಕಳ ಮನೆಗಳನ್ನು ಹುಡುಕಿ ಹೋಗುವ ಕೆಲಸ ನನ್ನ ಪಾಲಿನದು. ಬಯಲುಸೀಮೆಯ ಹಳ್ಳಿಗಳಂತೆ ಇಲ್ಲಿ ಮನೆಗಳು ಒತ್ತಾಗಿಲ್ಲ. ಗುಡ್ಡದ ಒಂದೊಂದು ಮಡಿಲಿಗೆ ಒಂದೊಂದು ಮನೆ, ಅದರ ಸುತ್ತ ಅದರದೇ ತೋಟ. ದಾರಿ ಕೇಳೋಣವೆಂದರೆ ಮೈಲಿಗಟ್ಟಲೆ ಜಗಲಿಯೇ ಸಿಕ್ಕುವುದಿಲ್ಲ.

ಪೇಟೆಯಲ್ಲಿ ಕೊಂಡ ಅಗ್ಗದ ಹಿಡಿಯೊಂದನ್ನು ಹ್ಯಾಂಡಲಿಗೆ ಬಿಗಿದೆ. ಬ್ಯಾಟರಿಯಿಂದ ನೇರವಾಗಿ ಎರಡು ವಯರುಗಳನ್ನೆಳೆದು ಚಾರ್ಜರಿಗೆ ಸೇರಿಸಿದೆ. ಹತ್ತನೆಯ ತರಗತಿಗೆ ವಿದ್ಯುತ್ತಿನ ಪಾಠ ಹೇಳುವವನಿಗೆ ಇದಾವ ದೊಡ್ಡ ಕೆಲಸ? ಎರಡು ವಾರ ಎಲ್ಲವೂ ಸೊಗಸಾಗಿ ನಡೆಯಿತು. ಆಮೇಲೆ ಶಾಲೆಗೆ ನಾಲ್ಕು ದಿನ ರಜೆ ಬಂದಿತು. ಐದನೆಯ ದಿನ ಗುಂಡಿ ಒತ್ತಿದರೆ ಗಾಡಿ ಉಸಿರೆತ್ತಲಿಲ್ಲ. ತಳ್ಳಿಕೊಂಡು ಹೋಗಿ ಮೆಕ್ಯಾನಿಕ್ಕನ ಮುಂದೆ ನಿಲ್ಲಿಸಿದೆ. ಸೀಟು ಬಿಚ್ಚಿ ನೋಡಿದ ಆತ ಕೇಳಿದ:

“ಮಾಷ್ಟ್ರೇ, ಈ ವಯರು ಎಳೆದದ್ದು ಯಾರು ಮಾರಾಯ್ರೆ?”

ನಾನು ಸುಮ್ಮನಿದ್ದೆ.

“ಕೀ ತೆಗೆದ ಮೇಲೂ ಇದು ಕರೆಂಟು ಕುಡೀತಾ ಉಂಟು. ಹಳೆ ಬ್ಯಾಟರಿ ಬೇರೆ. ಫ್ಯೂಸೂ ಇಲ್ಲ. ವಯರು ಎಲ್ಲಾದ್ರೂ ತಾಗಿದ್ರೆ ಗಾಡಿಯೇ ಹೊತ್ತಿಕೊಳ್ತಿತ್ತು.”

ಅಂದು ಅವನ ಅಂಗಡಿಯಲ್ಲಿ ಕಲಿತುದನ್ನು ಇಲ್ಲಿ ಬರೆದಿಡುವುದು ಒಳ್ಳೆಯದು. ಕೆಲವರ ಬ್ಯಾಟರಿಯಾದರೂ ಉಳಿದೀತು. ಗಾಡಿಯ ಹನ್ನೆರಡು ವೋಲ್ಟನ್ನು ಫೋನಿಗೆ ಬೇಕಾದ ಐದು ವೋಲ್ಟಿಗೆ ಇಳಿಸುವ ಆ ಪುಟ್ಟ ಪೆಟ್ಟಿಗೆ, ಫೋನಿಲ್ಲದಾಗಲೂ ತುಸು ಕರೆಂಟನ್ನು ಹೀರುತ್ತಿರುತ್ತದೆ. ಆದುದರಿಂದ ಅದು ಕೀಲಿಕೈಗೆ ಅಧೀನವಾಗಿರಬೇಕು. ಅದಕ್ಕಾಗಿ ರಿಲೇ ಎಂಬ ಸಾಧನ: ಕೀ ತಿರುಗಿಸಿದಾಗ ಹಿಂದಿನ ದೀಪದ ತಂತಿಯಿಂದ ಬರುವ ಸಣ್ಣ ಕರೆಂಟು ರಿಲೇಯ ಕದವನ್ನು ತೆರೆಯುತ್ತದೆ; ಮುಖ್ಯ ಕರೆಂಟು ಬ್ಯಾಟರಿಯಿಂದ ಆ ಕದದ ಮೂಲಕ ಹರಿಯುತ್ತದೆ. ಐದು ವೋಲ್ಟಿನಲ್ಲಿ ಮೂರು ಆಂಪಿಯರ್ ಎಂದರೆ ಹದಿನೈದು ವ್ಯಾಟು. ಬ್ಯಾಟರಿಯ ಕಡೆಯಿಂದ ಅದು ಒಂದೂವರೆ ಆಂಪಿಯರಿನೊಳಗೇ ಮುಗಿಯುತ್ತದೆ. ಮೂರು ಆಂಪಿಯರಿನ ಫ್ಯೂಸು ಸಾಕು. ಆದರೆ ಅದು ಬ್ಯಾಟರಿಯ ಪಕ್ಕದಲ್ಲಿಯೇ ಇರಬೇಕು. ಫ್ಯೂಸು ಕಾಯುವುದು ಫೋನನ್ನಲ್ಲ, ತಂತಿಯನ್ನು. ದೂರದಲ್ಲಿಟ್ಟರೆ ನಡುವಿನ ತಂತಿಗೆ ಕಾವಲಿಲ್ಲ. ಪಾಠ ಹೇಳುತ್ತ ಇಪ್ಪತ್ತು ವರ್ಷ ಕಳೆದರೂ ಇದು ನನ್ನ ತಲೆಗೆ ಹೊಳೆದಿರಲಿಲ್ಲ.

ತಂತಿಯನ್ನು ಟ್ಯಾಂಕಿನ ಕೆಳಗೆ ಹಾಯಿಸಿದ ಮೇಲೆ ಅವನು ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ ತಿರುಗಿಸಿ ನೋಡಿದ. ಕುತ್ತಿಗೆಯ ಬಳಿ ತಂತಿ ಬಿಗಿದರೆ ಕೆಲವು ತಿಂಗಳಲ್ಲಿ ಒಳಗೇ ತುಂಡಾಗುತ್ತದೆ. ತೀರ ಸಡಿಲವಾದರೆ ಸಿಕ್ಕಿಕೊಳ್ಳುತ್ತದೆ. ಚಾರ್ಜರಿನ ಕಿಂಡಿಯನ್ನು ಕೆಳಮುಖವಾಗಿಟ್ಟು, ತಂತಿಯನ್ನು ಒಮ್ಮೆ ತಗ್ಗಿಗೆ ಇಳಿಸಿ ಮತ್ತೆ ಮೇಲಕ್ಕೆತ್ತಿದ: ನಮ್ಮ ಮಳೆಯ ನೀರು ತಂತಿಯ ಗುಂಟ ಹರಿದು ಬಂದು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗಲಿ ಎಂದು. ಅಗ್ಗದ ಹಿಡಿಯನ್ನು ತೆಗೆಸಿ, ರಬ್ಬರಿನ ಬುಡವಿರುವ ಇನ್ನೊಂದನ್ನು ಹಾಕಿಸಿದ. ಅಷ್ಟರಲ್ಲಿ ನನ್ನ ಫೋನಿನ ಕ್ಯಾಮೆರಾ ಕೆಟ್ಟು, ತೆಗೆದ ಚಿತ್ರಗಳೆಲ್ಲ ನಡುಗುತ್ತಿದ್ದವು. ಕೈ ಅಲುಗಿದರೂ ಚಿತ್ರ ಅಲುಗದಂತೆ ಮಸೂರವನ್ನು ತೇಲಿಸಿಡುವ ಸೂಕ್ಷ್ಮ ಏರ್ಪಾಟಿಗೆ ಎಂಜಿನಿನ ಅದುರು ವಿಷವಿದ್ದಂತೆ. ನನ್ನ ಫೋನು ಆ ಕಂಪನಿಯದಲ್ಲವಾದರೂ, ಆ್ಯಪಲ್ ಕಂಪನಿಯವರು 2021ರ ಸೆಪ್ಟೆಂಬರಿನಲ್ಲಿ ಮೋಟಾರು ಸೈಕಲ್ ಸವಾರರಿಗೆ ಇದೇ ಎಚ್ಚರಿಕೆಯನ್ನು ಪ್ರಕಟಿಸಿದ್ದರೆಂದು ಆಮೇಲೆ ಓದಿದೆ. ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ: 2020ರ ಅಕ್ಟೋಬರಿನಿಂದ ಜಾರಿಗೆ ಬಂದ ಕೇಂದ್ರದ ನಿಯಮದಂತೆ ಸವಾರ ಫೋನನ್ನು ದಾರಿ ನೋಡುವುದಕ್ಕೆ ಮಾತ್ರ, ಗಮನ ತಪ್ಪದಂತೆ ಬಳಸಬಹುದು.

ಹೀಗೆ ನೆಲೆಗೊಂಡ ಯಂತ್ರ ಮಾಡುವ ಕೆಲಸವಾದರೂ ಏನು? ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು “ನಾನಿರುವುದು ಇಲ್ಲಿ, ಈಗಿನ ವೇಳೆ ಇಷ್ಟು” ಎಂದು ಸಾರುತ್ತಲೇ ಇರುತ್ತವೆ. ಆ ಸಾರಿಕೆ ತಲಪಲು ಹಿಡಿದ ಕಾಲದಿಂದ ಫೋನು ದೂರವನ್ನು ಗುಣಿಸುತ್ತದೆ. ಮೂರು ಉಪಗ್ರಹಗಳಿಂದ ಸ್ಥಾನ. ಫೋನಿನ ಬಡ ಗಡಿಯಾರದ ತಪ್ಪನ್ನು ತಿದ್ದಲು ನಾಲ್ಕನೆಯದು. ಸೋಜಿಗವೆಂದರೆ, ಐನ್‌ಸ್ಟೈನರ ಸಾಪೇಕ್ಷ ಸಿದ್ಧಾಂತದಂತೆ ಆ ಎತ್ತರದ ಗಡಿಯಾರಗಳು ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೋಡುತ್ತವೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ತಪ್ಪು ಕೂಡಿ, ಕೊಕ್ಕಡದಲ್ಲಿ ನಿಂತವನನ್ನು ಯಂತ್ರ ಹೊಳೆಯಾಚೆಯ ಯಾವುದೋ ಊರಿನಲ್ಲಿ ತೋರಿಸೀತು.

ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಬಳಿ ಉಕ್ಕಿನ ಸರಪಣಿ ಹಿಡಿದು ಭೂಮಾಪನಕ್ಕೆ ತೊಡಗಿದಾಗ, ಅರ್ಧ ಟನ್ನು ತೂಗುವ ಕೋನಮಾಪಕವನ್ನು ಬೆಟ್ಟಬೆಟ್ಟಗಳ ಮೇಲೆ ಹೊರಿಸಬೇಕಾಯಿತು. ಮದರಾಸಿನಿಂದ ಮಂಗಳೂರಿಗೆ ಹಿಂದಿನ ನಕ್ಷೆಗಳು ಕಾಣಿಸಿದ್ದ ಸುಮಾರು 400 ಮೈಲಿ, ಅವನ ಅಳತೆಯಲ್ಲಿ 360ಕ್ಕೆ ಇಳಿಯಿತು. ಇಂದು ಈ ಅಳತೆಗೆ ನಮ್ಮವರ ಉಪಗ್ರಹಗಳೂ ಇವೆ: 2013ರಿಂದ ಮೇಲೇರಿದ ನಾವಿಕ್ ಸರಣಿಯವು. ಶಿರಾಡಿ ಘಾಟಿಯನ್ನು ಹತ್ತಿದರೆ ಸಿಕ್ಕುವ ಹಾಸನದಲ್ಲಿ ಅವುಗಳನ್ನು ನಿಯಂತ್ರಿಸುವ ಕೇಂದ್ರವುಂಟು. ಮೊದಲ ಉಪಗ್ರಹಗಳ ಆಮದಾದ ಪರಮಾಣು ಗಡಿಯಾರಗಳು ಕೆಲವು ಕೈಕೊಟ್ಟವು. 2023ರ ಮೇ ತಿಂಗಳಲ್ಲಿ ಹಾರಿದ ಉಪಗ್ರಹದಲ್ಲಿ ನಮ್ಮಲ್ಲೇ ತಯಾರಾದ ರುಬಿಡಿಯಂ ಗಡಿಯಾರವಿದ್ದಿತು.

ಇನ್ನೊಂದು ಮಾತು. ಘಾಟಿಯಲ್ಲಿ ಮೊಬೈಲಿನ ಸಿಗ್ನಲ್ ಹೋದೊಡನೆ ಜಿಪಿಎಸ್ ಸತ್ತಿತೆಂದು ಅನೇಕರು ಗಾಬರಿಯಾಗುತ್ತಾರೆ. ಉಪಗ್ರಹಕ್ಕೂ ಮೊಬೈಲಿನ ಕಂಬಕ್ಕೂ ಸಂಬಂಧವಿಲ್ಲ. ನಿಂತು ಹೋಗುವುದು ನಕ್ಷೆಯ ಸರಬರಾಜು ಮಾತ್ರ. ಮನೆಯಲ್ಲೇ ನಕ್ಷೆಯನ್ನು ಇಳಿಸಿಕೊಂಡು ಹೊರಟರೆ ನಿಶ್ಚಿಂತೆ.

ನಾನೂ ಹಾಗೆಯೇ ನಿಶ್ಚಿಂತನಾಗಿ, ಆಟಿ ತಿಂಗಳ ಒಂದು ಮಧ್ಯಾಹ್ನ ಹೊರಟೆ. ಹನ್ನೊಂದು ದಿನಗಳಿಂದ ಬಾರದಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳ ಮನೆ ಶಿಶಿಲದ ಕಡೆಗೆ ಇದ್ದಿತು. ಮಳೆಯ ಹನಿಗಳು ಪರದೆಯ ಮೇಲೆ ಬಿದ್ದಾಗಲೆಲ್ಲ ಫೋನು ಅವನ್ನು ಬೆರಳೆಂದೇ ತಿಳಿದು, ನಕ್ಷೆಯನ್ನು ಅತ್ತಿತ್ತ ಎಳೆದಾಡುತ್ತಿತ್ತು. ಕಿವಿಯಲ್ಲಿ ಮಾತ್ರ ಹೆಂಗಸೊಬ್ಬಳ ನಿರ್ವಿಕಾರ ದನಿ: “ನೇರವಾಗಿ ಮುಂದುವರಿಯಿರಿ.” ಅಡಿಕೆ ತೋಟದ ನಡುವೆ ಮಣ್ಣಿನ ದಾರಿ ಇಳಿಯಿತು, ಕಿರಿದಾಯಿತು, ತೋಡಿನ ದಡದಲ್ಲಿ ನಿಂತಿತು. ಕೆಂಪು ನೀರು ಗದ್ದಲ ಮಾಡುತ್ತ ಹರಿಯುತ್ತಿತ್ತು. ಅದರ ಮೇಲೆ ಎರಡು ಅಡಿಕೆ ಮರಗಳನ್ನು ಜೋಡಿಸಿದ್ದ ಕಾಲುಸಂಕದಲ್ಲಿ ಒಂದು ಮರ ಕೊಚ್ಚಿಹೋಗಿದ್ದಿತು. “ನೇರವಾಗಿ ಮುಂದುವರಿಯಿರಿ” ಎಂದಳು ಅವಳು.

ಆಚೆಯ ಅಂಗಳದಿಂದ ಹೆಂಗಸೊಬ್ಬರು ತುಳುವಿನಲ್ಲಿ ಕೂಗಿ, ಕೈಯಾಡಿಸಿ ತಡೆದರು. ಅವರ ಹಿಂದೆ ನನ್ನ ವಿದ್ಯಾರ್ಥಿನಿ ನಿಂತಿದ್ದಳು. ಯಂತ್ರದ ಪ್ರಕಾರ ನನಗೂ ಅವಳಿಗೂ ಅರುವತ್ತು ಮೀಟರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಹನ್ನೊಂದು ದಿನಗಳಿಂದ ಅವಳೇಕೆ ಬಂದಿಲ್ಲವೆಂದು ಕೇಳುವ ಪ್ರಮೇಯವೇ ಉಳಿಯಲಿಲ್ಲ. ಸುತ್ತಿ ಬರುವ ಡಾಮರು ದಾರಿ ಒಂಬತ್ತು ಕಿಲೋಮೀಟರು, ಬಸ್ಸಿಲ್ಲ. ಹಾಜರಿ ಪುಸ್ತಕದಲ್ಲಿ ನಾನು ಎಳೆದಿದ್ದ ಹನ್ನೊಂದು ಕೆಂಪು ಗೆರೆಗಳು ನೆನಪಾದವು.

ಪಂಚಾಯತಿಗೆ ಬರೆದ ಅರ್ಜಿಯ ಕಥೆ ಬೇರೆ, ಅದಿನ್ನೂ ನಡೆದಿದೆ. ನಕ್ಷೆಯ ಕೆಲಸ ಮಾತ್ರ ನಮ್ಮ ಕೈಯಲ್ಲಿತ್ತು. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಮಳೆ ನಿಂತ ಮೇಲೆ ಮಕ್ಕಳು ತಮ್ಮ ತಮ್ಮ ದಾರಿಗಳಲ್ಲಿ ನಡೆದು ನೋಡಿ, ಎಲ್ಲಿ ಕಾಲುಸಂಕ, ಎಲ್ಲಿ ಬೇಸಗೆಯಲ್ಲಿ ಮಾತ್ರ ಗಾಡಿ ಇಳಿಯುವ ಕಡವು ಎಂದು ಬರೆದು ತಂದರು. ಆ ಹುಡುಗಿ ತಂದ ಹಾಳೆಯಲ್ಲಿ ತಿಂಗಳುಗಳೂ ಇದ್ದವು: ಯಾವಾಗ ಮೊಣಕಾಲು, ಯಾವಾಗ ಸೊಂಟ, ಯಾವಾಗ ದಾಟಲೇಬಾರದು. ಸಂಕವನ್ನು ಕಾಲುದಾರಿಯೆಂದು ಗುರುತಿಸಿದೆವು. ನೀರಿನ ಮಟ್ಟಕ್ಕೆ ಹೊಂದುವ ಅಂಕಣ ಸಿಕ್ಕಲಿಲ್ಲ. ಅವಳ ಹಾಳೆಯನ್ನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡಿದ್ದೇನೆ.

ಮೊನ್ನೆ ಮಾರ್ಚಿಯಲ್ಲಿ ಮತ್ತೆ ಆ ಕಡೆ ಹೋಗಬೇಕಾಯಿತು. ನಮ್ಮ ತಿದ್ದುಪಡಿಯನ್ನು ಒಪ್ಪಿಕೊಂಡ ಯಂತ್ರ, ಒಂಬತ್ತು ಕಿಲೋಮೀಟರಿನ ದಾರಿಯನ್ನೇ ತೋರಿಸಿತು. ತೋಡಿನಲ್ಲಿ ಪಾದ ಮುಳುಗುವಷ್ಟೂ ನೀರಿರಲಿಲ್ಲ. ನಾನು ತೋಟದ ದಾರಿಗೆ ತಿರುಗಿದೆ. ಹಿಂದಕ್ಕೆ ತಿರುಗಿ, ಹಿಂದಕ್ಕೆ ತಿರುಗಿ ಎಂದು ಆ ದನಿ ತೋಡು ದಾಟುವವರೆಗೂ ಹೇಳುತ್ತಲೇ ಇದ್ದಿತು. ಆಚೆಯ ಅಂಗಳದಲ್ಲಿ ಹುಡುಗಿಯ ತಾಯಿ ಅಡಿಕೆ ಹರವುತ್ತಿದ್ದರು. ಬೆಲ್ಲ ನೀರು ಬಂದಿತು; ಅರ್ಧ ಗಂಟೆ ಹೋಯಿತು.