ತೊಗರಿಯ ಬೆಲೆಯೂ ಕಡಲಾಚೆಯ ವ್ಯಾಪಾರವೂ

ಸೇಡಂ ತಾಲೂಕಿನ ಮಳಖೇಡವು ಹಿಂದೆ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆದಿತು. ಕ್ರಿ.ಶ. 851ರ ಅರಬ್ಬೀ ವೃತ್ತಾಂತವೊಂದು ರಾಷ್ಟ್ರಕೂಟ ದೊರೆಯನ್ನು ಭಾರತದ ಅರಸರಲ್ಲಿ ಶ್ರೇಷ್ಠನೆಂದು ಹೊಗಳಿ, ಅರಬರ ಮೇಲೆ ಅವನಿಗಿದ್ದ ವಿಶ್ವಾಸವನ್ನು ಕೊಂಡಾಡಿದೆ. ಹೀಗಾಗಿ ಕಾಗಿಣಾ ತೀರಕ್ಕೆ ಕಡಲಾಚೆಯ ವ್ಯಾಪಾರವು ಹೊಸತಲ್ಲ. ಅದರ ಏರಿಳಿತವು ಸಣ್ಣ ಹಿಡುವಳಿದಾರನ ಕಣದವರೆಗೂ ಬಂದು ಮುಟ್ಟಿರುವುದು ಮಾತ್ರ ಹೊಸತು.

ಈ ಭಾಗದ ನೆಲವು ಎರಡು ಬಗೆಯ ಸಂಪತ್ತನ್ನು ನೀಡುತ್ತದೆ: ಒಡಲಿನ ಸುಣ್ಣದ ಕಲ್ಲು, ಮೇಲ್ಮೈಯ ತೊಗರಿ. ಆದಿತ್ಯನಗರ, ವಾಡಿಗಳ ಕಾರ್ಖಾನೆಗಳಲ್ಲಿ ಸಿದ್ಧವಾಗುವ ಸಿಮೆಂಟು ತೂಕದಲ್ಲಿ ಭಾರ, ಬೆಲೆಯಲ್ಲಿ ಹಗುರ. ದೂರ ಸಾಗಿಸಿದಷ್ಟೂ ಲಾಭವನ್ನು ಸಾಗಣೆಯ ವೆಚ್ಚವೇ ನುಂಗುವುದರಿಂದ ಅದರ ಭಾಗ್ಯವು ಬಹುಮಟ್ಟಿಗೆ ದೇಶದೊಳಗಿನ ಕಟ್ಟಡದ ಕೆಲಸವನ್ನೇ ಅವಲಂಬಿಸಿದೆ. ತೊಗರಿಯ ರೀತಿ ಬೇರೆ. ಅದರ ಬೆಲೆಯು ಹಡಗಿನ ಬಾಡಿಗೆಯನ್ನು ತಾಳಿಕೊಳ್ಳಬಲ್ಲುದು. ಆದಕಾರಣ ಮೊಜಾಂಬಿಕ್, ತಾಂಜಾನಿಯಾ, ಮಲಾವಿ, ಮ್ಯಾನ್ಮಾರ್ ದೇಶಗಳ ತೊಗರಿಯು ಕಲಬುರಗಿಯ ಗಂಜಿನ ಧಾರಣೆಯನ್ನು ಅಲುಗಿಸುತ್ತದೆ.

2015ರ ಬರಗಾಲದಲ್ಲಿ ಪಟ್ಟಣಗಳಲ್ಲಿ ತೊಗರಿಬೇಳೆಯ ಬೆಲೆ ಕಿಲೋಗೆ 200 ರೂಪಾಯಿಗಳ ಸಮೀಪಕ್ಕೆ ಏರಿತು. 2016ರ ಜುಲೈ ತಿಂಗಳಲ್ಲಿ ಭಾರತವು ಮೊಜಾಂಬಿಕ್‌ನೊಡನೆ ಬೇಳೆಕಾಳುಗಳ ಆಮದಿಗೆ ಒಪ್ಪಂದ ಮಾಡಿಕೊಂಡಿತು. ಅದೇ ಮುಂಗಾರಿನಲ್ಲಿ ಇಲ್ಲಿಯ ರೈತರೂ ಹಿಂದಿನ ಬೆಲೆಯನ್ನು ನಂಬಿ ಹೆಚ್ಚು ತೊಗರಿ ಬಿತ್ತಿದರು, ಮಳೆಯೂ ಒಲಿಯಿತು. ದೇಶದ ಉತ್ಪಾದನೆಯು ಸುಮಾರು 25 ಲಕ್ಷ ಟನ್ನಿನಿಂದ 48 ಲಕ್ಷ ಟನ್ನನ್ನು ದಾಟಿತು. ರಾಶಿಯಾದಾಗ ಪೇಟೆಯ ಧಾರಣೆಯು ಕ್ವಿಂಟಲಿಗೆ 5,050 ರೂಪಾಯಿಗಳ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. 2017ರ ಆಗಸ್ಟಿನಲ್ಲಿ ಸರ್ಕಾರವು ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಹಾಕಿತು. ಅಷ್ಟರಲ್ಲಿ ಇಲ್ಲಿಯ ಸಣ್ಣ ರೈತನ ಫಸಲು ಮಾರಾಟವಾಗಿ ಹೋಗಿತ್ತು. ಭಾರತವನ್ನೇ ನಂಬಿ ಬಿತ್ತಿದ್ದ ಮೊಜಾಂಬಿಕ್‌ನ ಬಡ ರೈತನಿಗೂ ಆ ಮಿತಿಯಿಂದ ಪೆಟ್ಟು ಬಿದ್ದಿತು. 2021ರ ಮೇ ತಿಂಗಳಲ್ಲಿ ಆಮದು ಮತ್ತೆ ಮುಕ್ತವಾಯಿತು. 2022ರಲ್ಲಿ ನೆಟೆ ರೋಗವು ಕಲಬುರಗಿ ಜಿಲ್ಲೆಯ ಬೆಳೆಯನ್ನು ಒಣಗಿಸಿತು. ತರುವಾಯ ಬೆಲೆ ಏರಿದಾಗ ಅನೇಕರ ಮನೆಯಲ್ಲಿ ಮಾರಲು ಚೀಲವೇ ಇರಲಿಲ್ಲ.

ಇದರ ಮೂಲವು ಕಾಲದ ಅಂತರದಲ್ಲಿದೆ. ಜೂನ್–ಜುಲೈನಲ್ಲಿ ಬಿತ್ತಿದ ತೊಗರಿ ಗಂಜಿಗೆ ಬರುವುದು ಡಿಸೆಂಬರಿನ ನಂತರ. ಬಿತ್ತುವವನಿಗೆ ಕಾಣುವುದು ಕಳೆದ ವರ್ಷದ ಧಾರಣೆ. ಅವನಿಗೆ ದೊರೆಯುವುದು ಮುಂದಿನ ವರ್ಷದ್ದು. ಇವೆರಡರ ನಡುವೆ ಆಮದಿನ ನಿಯಮವು ಬದಲಾದರೆ ಅವನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಮಕ್ಕಳ ಶುಲ್ಕ, ಮನೆಯ ಮದುವೆ, ಅಡತಿ ಅಂಗಡಿಯ ಸಾಲ ಇವೆಲ್ಲವೂ ಆ ಲೆಕ್ಕದ ಮೇಲೆಯೇ ನಿಂತಿರುತ್ತವೆ.

ಆಮದನ್ನು ಪೂರ್ಣವಾಗಿ ತಡೆಯುವುದು ಉಚಿತವಲ್ಲ. ಬೇಳೆಯನ್ನು ಕೊಂಡು ಉಣ್ಣುವ ಬಡವರೂ ಇದ್ದಾರೆ. ಆದರೆ ಆ ವರ್ಷದ ಆಮದಿನ ಪ್ರಮಾಣ ಮತ್ತು ಸುಂಕಗಳು ಬಿತ್ತನೆಗೆ ಮುನ್ನವೇ ಪ್ರಕಟವಾಗಬೇಕು. ಖರೀದಿ ಕೇಂದ್ರಗಳು ರಾಶಿಯ ವೇಳೆಗೆ ತೆರೆದಿರಬೇಕು. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿರುವುದು ಸಂತೋಷದ ಸಂಗತಿ. ಅದರ ಫಲವು ಬೆಳೆದವನಿಗೂ ಸಲ್ಲಬೇಕು. ನಿಯಮವು ಮೊದಲೇ ತಿಳಿದಿದ್ದರೆ ಎಷ್ಟು ಎಕರೆಯಲ್ಲಿ ತೊಗರಿ ಬಿತ್ತಬೇಕು, ಎಷ್ಟರಲ್ಲಿ ಹೆಸರು ತೆಗೆದು ಹಿಂಗಾರಿಗೆ ಜೋಳ ಹಾಕಬೇಕು ಎಂಬುದನ್ನು ಈ ನಾಡಿನ ಒಕ್ಕಲಿಗನು ತಾನೇ ಬಲ್ಲನು.