ಕಂಪೈಲರನ್ನು ನಾವೇ ಕಟ್ಟೋಣ

ಹಿಂದೂಪುರ, ಕಲ್ಯಾಣದುರ್ಗಗಳು ಆಡಳಿತಕ್ಕೆ ಆಂಧ್ರದವು. ಆದರೆ ಅಲ್ಲಿನ ಎಷ್ಟೋ ಮನೆಗಳ ಮಾತು ಕನ್ನಡ. ಆ ಮನೆಯ ಮಕ್ಕಳು ಬರೆಯುವ ಪ್ರೋಗ್ರಾಮಿನೊಳಗೂ ಕನ್ನಡಕ್ಕೆ ಜಾಗವಿದೆ. ಕಲ್ಯಾಣದುರ್ಗದ ಮಳೆಯ ಲೆಕ್ಕ ಹಾಕುವ ಸಿ ಪ್ರೋಗ್ರಾಮಿನಲ್ಲಿ ವೇರಿಯಬಲ್‌ಗೆ ‘ಮಳೆ’ ಎಂದೇ ಹೆಸರಿಡಬಹುದು. 2020ರ ಮೇ ತಿಂಗಳಲ್ಲಿ ಬಂದ ಜಿಸಿಸಿ 10ನೇ ಆವೃತ್ತಿಯಿಂದ ಈಚೆಗೆ ಈ ಕಂಪೈಲರ್ ಕನ್ನಡ ಅಕ್ಷರಗಳ ಹೆಸರನ್ನು ಹಾಗೆಯೇ ಒಪ್ಪಿಕೊಳ್ಳುತ್ತದೆ.

ತೊಡಕು ಬರುವುದು ಹಳೆಯ ಕಂಪ್ಯೂಟರುಗಳಲ್ಲಿ. ಸೆಂಟ್ಓಎಸ್ 7 ಎಂಬ ಹಳೆಯ ಲಿನಕ್ಸ್ ಜೊತೆ ಬರುವುದು ಜಿಸಿಸಿ 4.8.5. ‘ಮಳೆ’ ಕಂಡರೆ ಅದು ದೋಷವೆಂದು ನಿಂತುಬಿಡುತ್ತದೆ. ಹೊಸ ಯಂತ್ರ ಕೊಳ್ಳಬೇಕಿಲ್ಲ, ಲ್ಯಾಬಿನ ಅಡ್ಮಿನ್ ಪಾಸ್‌ವರ್ಡೂ ಬೇಕಿಲ್ಲ. ಜಿಸಿಸಿ 10ರ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಇಳಿಸಿಕೊಂಡು, ಆ ಹೊಸ ಕಂಪೈಲರನ್ನು ನಮ್ಮದೇ ಹೋಮ್ ಫೋಲ್ಡರಿನಲ್ಲಿ ಕಟ್ಟಿಕೊಳ್ಳಬಹುದು.

ಕಟ್ಟುವ ಬಗೆ

ಮೊದಲು ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಎಂಬ ಮೂರು ಗಣಿತ ಲೈಬ್ರರಿಗಳು ಬೇಕು. ಅವನ್ನು ತರಿಸುವ ಸ್ಕ್ರಿಪ್ಟ್ ಮೂಲ ಸಂಕೇತದ ಜೊತೆಯಲ್ಲೇ ಇರುತ್ತದೆ. ಮೂಲ ಫೋಲ್ಡರಿನ ಒಳಗೆ ಕಟ್ಟದೆ, ಬೇರೆಯೇ ಒಂದು ಖಾಲಿ ಫೋಲ್ಡರಿನಲ್ಲಿ ಕೆಲಸ ಶುರುಮಾಡಬೇಕು. ‘ಕಾನ್ಫಿಗರ್’ ಕೊಡುವಾಗ ಎಲ್ಲಿ ಸ್ಥಾಪಿಸಬೇಕು, ಯಾವ ಭಾಷೆಗಳು ಸಾಕು ಎಂದು ಹೇಳಬೇಕು. ಸಿ ಮತ್ತು ಸಿ++ ಮಾತ್ರ ಕೇಳಿದರೆ ಸಮಯ ಉಳಿಯುತ್ತದೆ. ಆಮೇಲೆ ‘ಮೇಕ್’, ಕೊನೆಗೆ ‘ಮೇಕ್ ಇನ್‌ಸ್ಟಾಲ್’. ಡಿಸ್ಕಿನಲ್ಲಿ ಹಲವು ಜಿಬಿ ಜಾಗ ಬೇಕು. ಹಳೆಯ ಯಂತ್ರಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ.

ಆ ಗಂಟೆಗಳಲ್ಲಿ ನಡೆಯುವುದೇ ಈ ಕೆಲಸದ ಸೊಗಸು. ಹೆಪ್ಪಿಲ್ಲದೆ ಮೊಸರಾಗದ ಹಾಗೆ, ಕಂಪೈಲರ್ ಕಟ್ಟಲು ಮೊದಲೇ ಒಂದು ಕಂಪೈಲರ್ ಬೇಕು. ಹಳೆಯ 4.8.5 ಮೊದಲ ಹಂತದ ಹೊಸ ಜಿಸಿಸಿಯನ್ನು ಕಟ್ಟುತ್ತದೆ. ಅದು ಅದೇ ಮೂಲ ಸಂಕೇತದಿಂದ ಎರಡನೆಯದನ್ನು, ಎರಡನೆಯದು ಮೂರನೆಯದನ್ನು ಕಟ್ಟುತ್ತದೆ. ಬಳಿಕ ಎರಡು ಮತ್ತು ಮೂರನೇ ಹಂತದ ಫೈಲುಗಳನ್ನು ಹೋಲಿಸಿ ನೋಡಲಾಗುತ್ತದೆ. ಅವು ಹೊಂದದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕಂಪೈಲರ್ ತನ್ನನ್ನು ತಾನೇ ಪರೀಕ್ಷೆಗೆ ಒಡ್ಡಿಕೊಳ್ಳುವ ಬಗೆ ಇದು.

ನಂಬಿಕೆಯ ಪ್ರಶ್ನೆ

ಯುನಿಕ್ಸ್ ರೂಪಿಸಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಒಂದು ಎಚ್ಚರಿಕೆ ಕೊಟ್ಟರು. ಮೂಲ ಸಂಕೇತ ಶುದ್ಧವಾಗಿದ್ದರೂ, ಅದನ್ನು ಕಟ್ಟುವ ಹಳೆಯ ಕಂಪೈಲರಿನಲ್ಲಿ ಕಳ್ಳದಾರಿ ಅಡಗಿದ್ದರೆ ಹೊಸದಕ್ಕೂ ಅದು ದಾಟಬಲ್ಲದು. ಮೂರು ಹಂತದ ಹೋಲಿಕೆಯೂ ಅದನ್ನು ಹಿಡಿಯಲಾರದು. ಹೀಗಾಗಿ ಹೆಪ್ಪು ಎಲ್ಲಿಂದ ಬಂತು ಎಂದು ಕೇಳುವ ಅಭ್ಯಾಸ ಎಂಜಿನಿಯರಿಗೆ ಬೇಕೇ ಬೇಕು. ಒಮ್ಮೆ ಕಟ್ಟಿ ನೋಡಿದವರಿಗೆ ಈ ಪ್ರಶ್ನೆ ತಾನಾಗಿ ಹುಟ್ಟುತ್ತದೆ.

ಕಲಿಯಲು ದೂರ ಹೋಗಬೇಕಿಲ್ಲ. ಹಿಂದೂಪುರದಿಂದ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ.ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲಿ ಪ್ರಕಟವಾಗಿ ಜಗತ್ತಿಗೆ ಸಿಕ್ಕಿದೆ. ಶ್ರೀಕಾಂತ್ ಅವರ ಪಾಠಗಳು ಆನ್‌ಲೈನ್ ಪಾಠತಾಣ ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿವೆ. ರಿಚರ್ಡ್ ಸ್ಟಾಲ್ಮನ್ 1987ರಲ್ಲಿ ಹೊರತಂದ ಜಿಸಿಸಿಯ ಮೂಲ ಸಂಕೇತವೂ ಎಲ್ಲರಿಗೂ ತೆರೆದಿದೆ.

ಗಡಿಯ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ಮನವಿ: ಕಂಪೈಲರ್ ಪಾಠವನ್ನು ಪರೀಕ್ಷೆಯ ಪ್ರಶ್ನೆಗಳಲ್ಲೇ ಮುಗಿಸಬೇಡಿ. ವರ್ಷಕ್ಕೊಮ್ಮೆಯಾದರೂ ಮಕ್ಕಳ ಕೈಯಲ್ಲಿ ಒಂದು ಕಂಪೈಲರ್ ಕಟ್ಟಿಸಿ. ಅದರಲ್ಲಿ ಅವರ ಮೊದಲ ಪ್ರೋಗ್ರಾಮು ಕನ್ನಡದ ಹೆಸರುಗಳಲ್ಲೇ ಇರಲಿ.